ಜಗಲಿಯಿಂದ ಒಳಗಿನ ಕನ್ನಡ

ಬೋಡಿನಾಯಕನೂರು ಎಂದೊಡನೆ ನಮ್ಮ ವಾಚಕರಲ್ಲಿ ಮಲೆನಾಡ ವ್ಯಾಪಾರ ಬಲ್ಲವರಿಗೆ ಏಲಕ್ಕಿಯ ಹರಾಜು ನೆನಪಾದೀತು. ಇಡುಕ್ಕಿಯ ಮಲೆಗಳಲ್ಲಿ ಬೆಳೆದ ಏಲಕ್ಕಿ ಘಟ್ಟ ಇಳಿದು ಬರುವ ಪೇಟೆ ಅದು. ಮೊದಲು ಮಧುರೆ ಜಿಲ್ಲೆಯಲ್ಲಿತ್ತು. 1996ರಲ್ಲಿ ತೇನಿ ಜಿಲ್ಲೆ ಬೇರೆಯಾದಾಗ ಅದರ ಪಾಲಿಗೆ ಬಂತು. ಇಷ್ಟನ್ನು ಬಲ್ಲವರಿಗೂ ತಿಳಿದಿರದ ಇನ್ನೊಂದು ಸಂಗತಿಯಿದೆ. ಆ ಪೇಟೆಯಲ್ಲಿಯೂ ಅದರ ತೆಂಕಣಕ್ಕಿರುವ ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ ಸೀಮೆಯಲ್ಲಿಯೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಸಾವಿರಾರು ಸಂಸಾರಗಳಿವೆ. ಬೇಸಾಯಗಾರರಾದ ಒಕ್ಕಲಿಗರಿದ್ದಾರೆ, ತಮಿಳರು ಇವರನ್ನು ಕಾಪ್ಪಿಲಿಯರೆನ್ನುತ್ತಾರೆ. ಅನುಪ್ಪರೆಂಬ ಇನ್ನೊಂದು ಬೇಸಾಯದ ಪಂಗಡವಿದೆ. ಮಗ್ಗದ ಊರುಗಳಲ್ಲಿ ಚೌಡೇಶ್ವರಿಯ ಒಕ್ಕಲಾದ ದೇವಾಂಗರಿದ್ದಾರೆ. ಅವರಲ್ಲಿ ಕನ್ನಡದವರೂ ಉಂಟು, ತೆಲುಗಿನವರೂ ಉಂಟು.

ಇವರಿಗೆ ನಮಗಿರುವಂತೆ ಕನ್ನಡ ಶಾಲೆಯಿಲ್ಲ. ಬೆಳಗಾದರೆ ಬಾಗಿಲಿಗೆ ಬಂದು ಬೀಳುವ ಕನ್ನಡ ಪತ್ರಿಕೆಯಿಲ್ಲ. ಓದು ತಮಿಳು, ಲೆಕ್ಕ ತಮಿಳು, ಮದುವೆಯ ಕಾಗದ ತಮಿಳು. ಜಗಲಿ ಇಳಿದರೆ ತಮಿಳು, ಜಗಲಿ ಹತ್ತಿ ಹೊಸ್ತಿಲು ದಾಟಿದರೆ ಕನ್ನಡ. ಶತಮಾನಗಳಿಂದ ಅಲ್ಲಿ ಕನ್ನಡಕ್ಕೆ ಇರುವ ಪ್ರದೇಶ ಅಷ್ಟೆ: ನಾಲ್ಕು ಗೋಡೆಗಳ ಒಳಗು. ಮನೆಮಾತು ಎಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಅಚ್ಚು ಹಾಕುತ್ತೇವೆ. ಅದರ ಅಕ್ಷರಾರ್ಥವನ್ನು ಬಾಳಿ ತೋರಿಸುತ್ತಿರುವವರು ಅವರು. ಆದ್ದರಿಂದ ಅವರ ಮನೆಯ ವಿಚಾರವೆಂದರೆ ನಮಗೆ ಬರಿಯ ಕಲ್ಲು ಮಣ್ಣಿನ ವಿಚಾರವಲ್ಲ.

ಕಳೆದ ಮಳೆಗಾಲದ ಮೊದಲು ನಮ್ಮ ಕಚೇರಿಗೆ ಒಬ್ಬ ಹಿರಿಯ ವಾಚಕರು ಬಂದಿದ್ದರು. ತಮ್ಮ ತರವಾಡು ಮನೆಯನ್ನು ಬಿಚ್ಚಿದರೆಂದೂ ಕಂಬ, ಬಾಜಿರ, ಬಾಗಿಲುಗಳನ್ನು ಪಟ್ಟಣದಿಂದ ಬಂದ ವ್ಯಾಪಾರಿಯೊಬ್ಬ ಲಾರಿಯಲ್ಲಿ ಒಯ್ದನೆಂದೂ ಹೇಳಿದರು. ಅದಕ್ಕಾಗಿ ಅವರು ಅಳಲಿಲ್ಲ. ಸೋರುವ ಮನೆಯಲ್ಲಿ ಎಷ್ಟು ದಿನ ಇರಲಾದೀತು ಎಂದರು. ಅವರನ್ನು ಕುಟ್ಟಿದ ಮಾತು ಬೇರೆ. ಲಾರಿಗೆ ಪತ್ತಾಯವನ್ನು ಏರಿಸುತ್ತಿದ್ದಾಗ ಮೊಮ್ಮಗ, "ಅಜ್ಜ, ಆ ದೊಡ್ಡ ಪೆಟ್ಟಿಗೆ ಯಾವುದು?" ಎಂದು ಕೇಳಿದನಂತೆ. ಬತ್ತ ತುಂಬಿಡುವ ಪತ್ತಾಯ ಅವನಿಗೆ ದೊಡ್ಡ ಪೆಟ್ಟಿಗೆಯಾಗಿತ್ತು. ಕಂಬಂ ಕಣಿವೆಯ ಯಾವುದೋ ಮನೆಯಲ್ಲಿ ಯಾವನೋ ಹುಡುಗ ಇದೇ ಪ್ರಶ್ನೆಯನ್ನು ಕೇಳುತ್ತಿರಬಹುದು. ಅಲ್ಲಿ ಅವನ ಅಜ್ಜನಿಗೆ ಉತ್ತರ ಹೇಳಲು ಇರುವುದೇ ಆ ಮನೆಯೊಳಗಣ ಕನ್ನಡ.

ಆ ಸೀಮೆಯ ಹಳೆಯ ಮನೆಯ ಬಗೆಯನ್ನು ಸ್ವಲ್ಪ ನೋಡೋಣ. ಬೀದಿಗೆ ಮುಖವಾಗಿ ಎತ್ತರದ ಜಗಲಿ. ತಮಿಳಿನಲ್ಲಿ ತಿಣ್ಣೈ, ಹಳೆ ಮೈಸೂರಿನ ಕಡೆ ತಿಣ್ಣೆ ಎನ್ನುವವರೂ ಉಂಟು. ಜಗಲಿಯ ಮೇಲೆ ಮರದ ಕಂಬಗಳು, ನಡುವೆ ದಪ್ಪ ಬಾಗಿಲು. ಒಳಗೆ ಕಾಲಿಟ್ಟರೆ ಕಿರಿದಾದ ನಡೆ. ಅದನ್ನು ದಾಟಿದರೆ ಕಣ್ಣಿಗೆ ಒಮ್ಮೆಲೇ ಬೆಳಕು: ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ. ಅವರಿಗೆ ಅದು ಮುಟ್ರಂ, ಮಲಯಾಳಿಗಳಿಗೆ ನಡುಮುಟ್ಟಂ, ನಮ್ಮ ಮಲೆನಾಡಿಗರಿಗೆ ತೊಟ್ಟಿ. ಸುತ್ತಲೂ ಮಾಡು ಒಳಮುಖವಾಗಿ ಇಳಿದಿರುತ್ತದೆ; ಅದರ ಕೆಳಗೆ ಪಡಸಾಲೆ, ಪಡಸಾಲೆಗೆ ಬಾಗಿಲಿಟ್ಟ ಕೋಣೆಗಳು. ಹಿಂದುಗಡೆ ಅಡುಗೆಮನೆ, ಅದರಾಚೆ ಬಾವಿ, ಹಿತ್ತಿಲು, ದನದ ಕೊಟ್ಟಗೆ. ಪೇಟೆಯ ನಿವೇಶನ ಅಗಲ ಕಡಿಮೆ, ಉದ್ದ ಹೆಚ್ಚು. ಆದ್ದರಿಂದ ಮನೆ ಬೀದಿಯಿಂದ ಹಿಂದಕ್ಕೆ ರೈಲುಬಂಡಿಯಂತೆ ಸಾಗುತ್ತದೆ. ಪಕ್ಕದ ಮನೆಗೂ ಇದಕ್ಕೂ ಗೋಡೆ ಒಂದೇ. ಎರಡು ಪಕ್ಕದಲ್ಲಿಯೂ ಕಿಟಕಿ ಇಡಲು ಜಾಗವಿಲ್ಲದ ಮನೆಗೆ ಗಾಳಿ ಬೆಳಕುಗಳು ಮೇಲಿನಿಂದಲೇ ಬರಬೇಕು. ತೊಟ್ಟಿ ಅಲ್ಲಿ ಸೊಗಸಿಗಾಗಿ ಇಟ್ಟದ್ದಲ್ಲ. ಅದಿಲ್ಲದಿದ್ದರೆ ಮನೆಯೊಳಗೆ ಹಗಲೇ ಇರುವುದಿಲ್ಲ.

ಇಂತಹ ಮನೆ ಎಲ್ಲಿಂದ ಬಂತು? ನಮ್ಮಲ್ಲಿ ಕೆಲವರಿಗೆ ತೊಟ್ಟಿಮನೆ ಕನ್ನಡ ನಾಡಿನದೇ ಸೊತ್ತೆಂಬ ಅಭಿಮಾನವಿದೆ. ಒಕ್ಕಲಿಗರು ತುಂಗಭದ್ರೆಯ ದಂಡೆಯಿಂದ ತೆಂಕಣಕ್ಕೆ ವಲಸೆ ಬಂದವರೆಂಬ ಐತಿಹ್ಯವನ್ನು ಥರ್ಸ್ಟನ್ ಸಾಹೇಬರು 1909ರ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಹಿಡಿದು, ಬರುವಾಗ ಮನೆಯ ನಕ್ಷೆಯನ್ನೂ ತಲೆಯಲ್ಲಿ ಹೊತ್ತು ತಂದರು ಎಂದು ಹೇಳಿಬಿಡುವುದು ಸುಲಭ. ಕೇಳಲು ಹಿತವಾಗಿಯೂ ಇರುತ್ತದೆ. ಆದರೆ ನಾವು ಹಾಗೆ ಹೇಳುವುದಿಲ್ಲ. ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಮೊಹೆಂಜೊದಾರೊದ ಮನೆಗಳಲ್ಲಿಯೇ ನಡುವೆ ಅಂಗಳವಿತ್ತು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನಾಲ್ಕು ಸಾಲೆಗಳ ಮನೆಗೆ ಸರ್ವತೋಭದ್ರ, ನಂದ್ಯಾವರ್ತ, ವರ್ಧಮಾನ, ಸ್ವಸ್ತಿಕ, ರುಚಕ ಎಂಬ ಭೇದಗಳನ್ನು ಹೇಳಿದೆ. ಕೇರಳದ ನಾಲುಕೆಟ್ಟು ಕಟ್ಟುವವರಿಗೆ ಮನುಷ್ಯಾಲಯಚಂದ್ರಿಕೆಯೆಂಬ ಪ್ರತ್ಯೇಕ ಗ್ರಂಥವೇ ಇದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ಸಿನ ಬೂದಿಯಡಿ ಹೂತುಹೋದ ಪೊಂಪೈ ನಗರದ ಮನೆಗಳಲ್ಲಿಯೂ ಮಾಡಿನ ನಡುವೆ ತೆರವು, ಕೆಳಗೆ ಮಳೆನೀರು ಬೀಳುವ ತೊಟ್ಟಿ! ಹೀಗಿರುವಾಗ ಯಾವ ಒಂದು ಭಾಷೆಯವರು ತಾನೆ ಅದರ ಮೇಲೆ ಹಕ್ಕು ಸಾಧಿಸಬಲ್ಲರು?

ಮನೆಯ ರೂಪವನ್ನು ತೀರ್ಮಾನಿಸಿದ್ದು ಭಾಷೆಯಲ್ಲ. ಮಳೆ, ಮಣ್ಣು ಮತ್ತು ಕಸುಬು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಘಟ್ಟದ ಮರೆಯಲ್ಲಿರುವ ಬೋಡಿಯ ಬಯಲಿಗೆ ಅದರ ಮೂರರಲ್ಲೊಂದು ಪಾಲೂ ಬೀಳದು. ಆದ್ದರಿಂದ ನಮ್ಮ ಮಾಡು ಕಡಿದಾಗಿ ಇಳಿಯಿತು; ಮೊದಲು ಮುಳಿಹುಲ್ಲು, ಸೋಗೆ, ಆಮೇಲೆ ಹಂಚು. ಅಲ್ಲಿಯ ಉಳ್ಳವರ ಮನೆಗಳಿಗೆ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಗಾರೆಯಲ್ಲಿ ಹೊಂದಿಸಿದ ಚಪ್ಪಟೆ ಮಾಳಿಗೆ. ನಮಗೆ ನೆಲ ಅಗೆದಲ್ಲಿ ಮುರಕಲ್ಲು ಸಿಕ್ಕಿತು, ಅವರಿಗೆ ಇಟ್ಟಿಗೆಯ ಮಣ್ಣು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಎಂಬುದು ದಕ್ಷಿಣ ಹಿಂದುಸ್ಥಾನದಲ್ಲೆಲ್ಲ ಮನೆಗಳ ತಲೆಯ ಮೇಲೆ ಕುಳಿತಿತು. ಅದು ಯಾರ ಜಾತಿ ಭಾಷೆಗಳನ್ನೂ ವಿಚಾರಿಸಲಿಲ್ಲ.

ಬೋಡಿಯಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಆ ಊರಿನ ಹೆಸರಿನಲ್ಲಿರುವ ನಾಯಕರು, ಅಂದರೆ ಅಲ್ಲಿಯ ಜಮೀನ್ದಾರರು, ತೆಲುಗು ಮೂಲದವರು. ಅವರ ಅರಮನೆಯ ಗೋಡೆಗಳಲ್ಲಿ ರಾಮಾಯಣದ ಚಿತ್ರಗಳಿವೆ. ಅರಮನೆಯ ಸುತ್ತಲಿನ ಪೇಟೆ ತಮಿಳರದು, ಏಲಕ್ಕಿ ಬರುವುದು ಈಗಿನ ಕೇರಳದಿಂದ, ನೇಗಿಲು ಮಗ್ಗಗಳನ್ನು ಹಿಡಿದವರಲ್ಲಿ ಕನ್ನಡಿಗರೂ ಇದ್ದಾರೆ. ಇವರೆಲ್ಲರ ಮನೆಗಳಲ್ಲಿಯೂ ಜಗಲಿಯೇ, ಅಂಗಳವೇ. ಹೊರಗೆ ನಿಂತು ಮನೆ ನೋಡಿ ಒಳಗಿನವರ ಭಾಷೆಯನ್ನು ಹೇಳಲು ಯಾರಿಂದಲೂ ಆಗದು.

ಒಳಗೆ ಹೋದರೆ ಬೇರೆ ಮಾತು. ನೇಕಾರನ ಮನೆಯನ್ನು ನೋಡಿರಿ. ಮನೆಯ ಅತ್ಯುತ್ತಮ ಸ್ಥಳ ಅಲ್ಲಿ ಅತಿಥಿಗೂ ಅಲ್ಲ, ಯಜಮಾನನ ಹಾಸಿಗೆಗೂ ಅಲ್ಲ, ಅದು ಮಗ್ಗದ್ದು. ನೆಲದಲ್ಲಿ ಕುಳಿ ತೋಡಿ, ಕುಳಿಯೊಳಗೆ ಕಾಲಿಳಿಬಿಟ್ಟು ತುಳಿಯುತ್ತ ಕೈಯಲ್ಲಿ ಲಾಳಿ ಆಡಿಸುವುದು. ಕುಳಿಯ ತಂಪಿಗೆ ನೂಲು ಬೇಗ ಒಣಗಿ ಹರಿಯುವುದಿಲ್ಲ. ಬೆಳಕು ಸರಿಯಾಗಿ ನೂಲಿನ ಮೇಲೆ ಬೀಳಬೇಕು. ಕಿಟಕಿ ಅಥವಾ ಅಂಗಳದ ಬದಿ ಎಲ್ಲಿರಬೇಕೆಂಬುದನ್ನು ಅದೇ ನಿರ್ಣಯಿಸುತ್ತದೆ. ಹಾಸಿನ ನೂಲಿಗೆ ಗಂಜಿ ಹಚ್ಚಿ ಚಾಚಲು ಮನೆಯ ಉದ್ದ ಸಾಲದು; ಅದಕ್ಕೆ ಬೀದಿ ಬೇಕು. ಹೀಗೆ ಬೀದಿಯೂ ಬೆಳಗಿನ ಹೊತ್ತು ಮನೆಯ ಒಂದು ಪಡಸಾಲೆಯೇ ಆಗುತ್ತದೆ. ದಿಂಡಿಗಲ್ಲಿನ ಬದಿಯ ಚಿನ್ನಾಳಪಟ್ಟಿಯ ಸೀರೆ ಉಟ್ಟವರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರು. ಆ ಸೀರೆಯ ಹಿಂದೆ ಇಂತಹ ಮನೆಗಳ ಸಾಲೊಂದಿದೆ.

ಬೇಸಾಯಗಾರರ ಕಡೆಗೆ ಬಂದರೆ ಇನ್ನೂ ವಿಶೇಷ. ಕಂಬಂ ಒಕ್ಕಲಿಗರಿಗೆ ತಮ್ಮ ಮನೆಗಳಲ್ಲದೆ ಎಲ್ಲರಿಗೂ ಕೂಡಿ ಇನ್ನೊಂದು ಮನೆಯಿದೆ. ಅದು ದನಗಳ ಮನೆ. ನಂದಗೋಪಾಲನ ಗುಡಿಗೆ ಸೇರಿದ ತೊಳುವಿನಲ್ಲಿ ದೇವರ ದನಗಳ ಹಿಂಡನ್ನು ಸಾಕುತ್ತಾರೆ. ತಮಿಳರು ಅದನ್ನು ತಂಬಿರಾನ್ ಮಾಡು ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನುತ್ತಿದ್ದರು? 'ದೇವರ ಆವು' ಎಂದು ಥರ್ಸ್ಟನ್ ಬರೆದುಕೊಂಡಿದ್ದಾರೆ. ಹಿಂಡಿನ ಒಡೆಯನಾದ ಹೋರಿ 'ಪಟ್ಟದ ಆವು'. ಅದು ಸತ್ತರೆ ಹೊಸದನ್ನು ಆರಿಸುವ ಕ್ರಮವೂ ಉಂಟು. ಹಿಂಡಿನ ಮುಂದೆ ಕಬ್ಬು ಇಟ್ಟು, ಯಾವ ಹೋರಿ ಮೊದಲು ಅದರ ಬಳಿಗೆ ಬರುತ್ತದೋ ಅದಕ್ಕೇ ಪಟ್ಟ. ನಮ್ಮ ಕಣ್ಣು ನಿಂತದ್ದು ಆ 'ಆವು' ಎಂಬ ಶಬ್ದದ ಮೇಲೆ. ನಮ್ಮ ಶಾಲೆಗಳಲ್ಲಿ ಹಳಗನ್ನಡ ಪಾಠ ಮಾಡುವ ಪಂಡಿತರು ಆವು ಎಂದರೆ ಹಸು ಎಂದು ಟಿಪ್ಪಣಿ ಬರೆಸಬೇಕಾಗುತ್ತದೆ. ಕನ್ನಡದ ಅಕ್ಷರವನ್ನೇ ಕಾಣದ ಒಕ್ಕಲು ಮಕ್ಕಳ ಬಾಯಲ್ಲಿ ಅದು ಟಿಪ್ಪಣಿಯಿಲ್ಲದೆ ಉಳಿದಿತ್ತು. ಉಳಿಸಿದ್ದು ಯಾವ ಸಾಹಿತ್ಯ ಪರಿಷತ್ತು? ದನದ ತೊಳುವು! ತೊಳುವು ಇದ್ದುದರಿಂದ ಮಾತು ಉಳಿಯಿತು.

ಇದೇ ಜನ ಪಂಚಾಯಿತಿ ಸೇರುವಾಗ ಕಂಬಳಿ ಹಾಸಿ, ಅದರ ಮೇಲೆ ಹೂ ಮುಡಿಸಿದ ನೀರಿನ ಕಲಶವಿಟ್ಟು ಕೂರುತ್ತಿದ್ದರೆಂದೂ ಅದೇ ಗ್ರಂಥದಲ್ಲಿದೆ. ಹಾಗೆ ಕೂಡುವ ಒಂಬತ್ತು ಪಂಗಡಗಳಿಗೆ ಕಂಬಳದವರೆಂದೇ ಹೆಸರು. ಕಂಬಳಿ ಹಾಸಿದ ಜಗಲಿ ನ್ಯಾಯಸ್ಥಾನ, ಅದನ್ನು ಮಡಚಿಟ್ಟ ಮರುಗಳಿಗೆ ದಾರಿಹೋಕ ಮಲಗುವ ಸ್ಥಳ, ಸಂಜೆ ಮುದುಕರ ಹರಟೆಕಟ್ಟೆ. ಈ ಮನೆಗಳ ಸೊಗಸು ಇರುವುದು ಇಲ್ಲಿ. ಒಂದು ಸ್ಥಳಕ್ಕೆ ಒಂದೇ ಕೆಲಸವೆಂಬ ಕಟ್ಟುಪಾಡು ಅವಕ್ಕಿರಲಿಲ್ಲ. ಅಂಗಳದಲ್ಲಿ ಬತ್ತ ಒಣಗುವುದು, ಹಪ್ಪಳ ಒಣಗುವುದು, ಮಗುವಿಗೆ ಎಣ್ಣೆ ನೀರು ಆಗುವುದು, ಮದುವೆಯ ಹಸೆ ನಿಲ್ಲುವುದು, ಹೆಣವನ್ನು ಮಲಗಿಸುವುದೂ ಅಲ್ಲಿಯೇ. ಮಳೆ ಬಂದರೆ ನಾಲ್ಕು ದಿಕ್ಕಿನ ಮಾಡಿನಿಂದ ನೀರು ಸುರಿಯುವುದನ್ನು ಪಡಸಾಲೆಯಲ್ಲಿ ಕೂತು ನೋಡುವ ಸುಖಕ್ಕೆ ಈಗಿನ ಮನೆಯಲ್ಲಿ ಏನು ಸಮ? ಈಗ ಮಳೆ ಬಂದರೆ ನಾವು ಕಿಟಕಿ ಮುಚ್ಚುತ್ತೇವೆ, ಅಷ್ಟೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಗ್ಗುಲನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆ ಜಗಲಿಯನ್ನು ಎಲ್ಲರೂ ಹತ್ತುವಂತಿರಲಿಲ್ಲ. ಯಾರು ಜಗಲಿಯ ಮೇಲೆ, ಯಾರು ಮೆಟ್ಟಲಿನ ಕೆಳಗೆ, ಯಾರು ತಡಮೆಯ ಆಚೆ ಎಂಬುದನ್ನು ಮನೆಯ ಕಲ್ಲುಗಳೇ ಹೇಳುತ್ತಿದ್ದವು. ಬೋಡಿಯಲ್ಲಿ ಹಾಗೆ, ನಮ್ಮಲ್ಲಿಯೂ ಹಾಗೆ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣು ಕಳೆದುಕೊಂಡ ಹೆಂಗಸರನ್ನು ಕೇಳಿದರೆ ತೊಟ್ಟಿಮನೆಯ ಸೊಬಗಿನ ಕುರಿತು ಬೇರೆಯೇ ಪ್ರಬಂಧ ಬರೆಸಿಯಾರು. ಸಗಣಿ ಸಾರಿಸುವವಳು ಒಬ್ಬಳು, ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುವವನು ಇನ್ನೊಬ್ಬ. ಹಳೆಯ ಮನೆಗಳನ್ನು ನೆನೆದು ಕಣ್ಣೀರಿಡುವವರಲ್ಲಿ ಗಂಡಸರೇ ಹೆಚ್ಚಾಗಿರುವುದನ್ನು ನಮ್ಮ ವಾಚಕಿಯರು ಗಮನಿಸಿರಬಹುದು.

ನಮ್ಮ ಜಿಲ್ಲೆಯ ದೊಡ್ಡ ಮನೆಗಳು ಬರಿದಾದದ್ದು ಗೆದ್ದಲಿನಿಂದಲ್ಲ. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತು. ಉಳುವವನಿಗೆ ಭೂಮಿ ಸಿಕ್ಕಿತು. ಅದು ನ್ಯಾಯ, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಗೇಣಿ ಬತ್ತದ ಮೇಲೆ ನಿಂತಿದ್ದ ಪತ್ತಾಯ ಖಾಲಿಯಾಯಿತು. 1975ರಲ್ಲಿ ಕೇರಳದ ಶಾಸನಸಭೆ ಕೂಡುಕುಟುಂಬಗಳನ್ನು ರದ್ದುಗೊಳಿಸುವ ಕಾನೂನು ತಂದಿತು. 1976ರ ಡಿಸೆಂಬರ್ 1ರಿಂದ ಜಾರಿಯಾಯಿತು. ತರವಾಡಿನ ಸೊತ್ತಿನಲ್ಲಿ ಒಬ್ಬೊಬ್ಬರಿಗೂ ಅವರವರ ಪಾಲು ನಿಶ್ಚಿತವಾಯಿತು. ಗದ್ದೆಯನ್ನು ಪಾಲು ಮಾಡಬಹುದು, ತೋಟವನ್ನೂ ಮಾಡಬಹುದು. ನಡುವೆ ಒಂದೇ ಅಂಗಳವಿರುವ ಮನೆಯನ್ನು ಹನ್ನೊಂದು ಪಾಲು ಮಾಡುವುದು ಹೇಗೆ? ಮರವೆಂದು ಮಾರಿ ಹಣವನ್ನು ಹಂಚಿಕೊಳ್ಳುವುದೊಂದೇ ದಾರಿಯೆಂದು ಎಷ್ಟೋ ಮನೆಯವರಿಗೆ ತೋರಿತು. ಅವರನ್ನು ನಾವು ದೂರುವುದಿಲ್ಲ.

ಮನೆಯನ್ನೇ ಕಾಪಾಡಿದ ಪ್ರಯತ್ನಗಳೂ ಇವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬಿದ್ದುಹೋಗಲಿದ್ದ ಕುಂಜೂರು ಚೌಕಿಮನೆ, ಮಿಯಾರು ಮನೆ ಮೊದಲಾದವನ್ನು ಬಿಚ್ಚಿ ತಂದು ಮರಳಿ ನಿಲ್ಲಿಸಿದ ಸಾಹಸವನ್ನು ಎಷ್ಟು ಕೊಂಡಾಡಿದರೂ ಕಡಿಮೆ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಸ್ಮಾರಕವಾಗಿ ಉಳಿದಿದೆ. ಇನ್ನು ಪದ್ಮನಾಭಪುರದ ಅರಮನೆಯ ಕಥೆಯನ್ನು ನೋಡಿ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದ ಅದೇ ಗೆರೆ ಆ ಅರಮನೆ ಇರುವ ಊರನ್ನು ತಮಿಳುನಾಡಿಗೆ ಸೇರಿಸಿತು. ಆದರೂ ಇಂದಿಗೂ ಅದರ ಉಸ್ತುವಾರಿ ಕೇರಳದ ಪ್ರಾಚ್ಯವಸ್ತು ಇಲಾಖೆಯದು. ಮಣ್ಣು ಒಂದು ರಾಜ್ಯದ್ದು, ಮರದ ಕೆತ್ತನೆಯ ಆರೈಕೆ ಇನ್ನೊಂದು ರಾಜ್ಯದ್ದು. ಯಾರಿಗೂ ಅದರಿಂದ ನಷ್ಟವಾಗಲಿಲ್ಲ. ಗಡಿಯಾಚೆಯ ತಮ್ಮವರ ಮನೆಯನ್ನು ಒಂದು ಸರಕಾರ ನೋಡಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರು ಸಭಾಭವನಗಳ ಆಚೆಗೂ ಕಣ್ಣು ಹಾಯಿಸಿ ಇದನ್ನು ಚಿಂತಿಸಬೇಕೆಂದು ನಮ್ಮ ಸೂಚನೆ. ಕಾಸರಗೋಡಿನವರೆಗೆ ಬರುವ ಅವರ ದೃಷ್ಟಿ ಕಂಬಂ ಕಣಿವೆಯವರೆಗೂ ಹೋಗಲಿ.

ಆದರೆ ಎಲ್ಲ ಮನೆಯನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ. ಉಳಿಸಬಹುದಾದದ್ದು ಇನ್ನೊಂದಿದೆ, ಅದಕ್ಕೆ ಕಾಸೂ ಬೇಡ. 2021ರಲ್ಲಿ ನಮ್ಮ ಜಿಲ್ಲೆಯ ಊರುಗಳ ಕನ್ನಡ, ತುಳು ಹೆಸರುಗಳನ್ನು ಮಲಯಾಳೀಕರಿಸುತ್ತಾರೆಂಬ ಸುದ್ದಿ ಎದ್ದು ಬೆಂಗಳೂರಿನವರೆಗೂ ಕೂಗು ಮುಟ್ಟಿತು. ಅಂತಹ ನಿರ್ಧಾರವೇನೂ ಇಲ್ಲವೆಂದು ಕೇರಳ ಸರಕಾರ ಹೇಳಬೇಕಾಯಿತು. ಊರ ಹೆಸರಿಗಾಗಿ ಎಚ್ಚರವಾಗಿರುವುದು ಸರಿಯೇ. ಮನೆಯೊಳಗಿನ ಹೆಸರುಗಳ ಗತಿಯೇನು? ಅವುಗಳನ್ನು ಯಾವ ಸರಕಾರವೂ ಬದಲಿಸಲಿಲ್ಲ. ಪಡಸಾಲೆಯನ್ನು ಹಾಲ್ ಮಾಡಿದ್ದು, ಜಗಲಿಯನ್ನು ಸಿಟೌಟ್ ಮಾಡಿದ್ದು, ಉಗ್ರಾಣವನ್ನು ಸ್ಟೋರ್ ಮಾಡಿದ್ದು ನಾವೇ. ಅದು ಮಲಯಾಳದ ಆಕ್ರಮಣವೂ ಅಲ್ಲ. ಮಲಯಾಳಿಯ ಪೂಮುಖವೂ ಸಿಟೌಟೇ ಆಗಿದೆ, ಬೋಡಿಯ ತಿಣ್ಣೈಯೂ ಅದೇ ದಾರಿ ಹಿಡಿದೀತು. ನಮಗೆ ಹಾಲ್ ಎಂದರೂ ಶಾಲೆಯ ಪುಸ್ತಕದಲ್ಲಿ, ಪತ್ರಿಕೆಯಲ್ಲಿ, ಯಕ್ಷಗಾನದಲ್ಲಿ ಕನ್ನಡ ಸಿಕ್ಕೀತು. ಜಗಲಿಯಿಂದ ಒಳಗೆ ಮಾತ್ರ ಕನ್ನಡವಿರುವ ಬೋಡಿಯವನಿಗೆ ಒಂದು ಕೊಟ್ಟಗೆ ಹೋದರೆ ಇಪ್ಪತ್ತು ಮಾತು ಹೋಗುತ್ತದೆ. ಅವನ ಒಟ್ಟು ಗಂಟಿನಲ್ಲಿ ಅದು ಸಣ್ಣ ಪಾಲಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಹಳೆಯ ಮನೆಯನ್ನು ಬಿಚ್ಚುವ ಮೊದಲು ಮನೆಯ ಹಿರಿಯರನ್ನು, ಮುಖ್ಯವಾಗಿ ಹೆಂಗಸರನ್ನು, ಕೂರಿಸಿಕೊಂಡು ತಡಮೆಯಿಂದ ಹಿತ್ತಿಲವರೆಗೆ ಒಂದೊಂದರ ಹೆಸರನ್ನೂ ಕೇಳಿ ಬರೆದುಕೊಳ್ಳಿರಿ. ಮಾಡಿನ ಮರಗಳ ಹೆಸರು ಆಚಾರಿಗೆ ಗೊತ್ತಿರುತ್ತದೆ, ಒಲೆಯ ಸುತ್ತಿನ ಹೆಸರು ಅಜ್ಜಿಗೆ, ಕೊಟ್ಟಗೆಯ ಹೆಸರು ದನ ಮೇಯಿಸಿದವನಿಗೆ. ಕನ್ನಡ, ಹವ್ಯಕ, ತುಳು, ಕೊಂಕಣಿ, ಮರಾಟಿ, ಯಾವ ಮಾತಿನಲ್ಲಿದ್ದರೂ ಬರಲಿ. ಕನ್ನಡ ಶಾಲೆಗಳ ಅಧ್ಯಾಪಕರು ಬೇಸಗೆ ರಜೆಯಲ್ಲಿ ಮಕ್ಕಳಿಗೆ ಈ ಕೆಲಸ ಕೊಟ್ಟರೆ ಒಂದೇ ವರ್ಷದಲ್ಲಿ ಜಿಲ್ಲೆಯೆಲ್ಲ ಮುಗಿದೀತು. ಕಳುಹಿಸಿದವನ್ನು ಭಾನುವಾರದ ಸಂಚಿಕೆಯಲ್ಲಿ ಅಚ್ಚು ಹಾಕಲು ನಾವು ಸಿದ್ಧರಿದ್ದೇವೆ. ಬೋಡಿ, ಕಂಬಂ, ದಿಂಡಿಗಲ್ಲುಗಳಲ್ಲಿ ವ್ಯಾಪಾರಕ್ಕಾಗಿ, ಉದ್ಯೋಗಕ್ಕಾಗಿ ನೆಲೆಸಿರುವ ನಮ್ಮ ವಾಚಕರಿದ್ದರೆ ನೆರೆಯ ಒಕ್ಕಲಿಗರ, ನೇಕಾರರ ಮನೆಗೆ ಒಮ್ಮೆ ಹೋಗಿ ಬರಲಿ. ಕನ್ನಡ ಅಕ್ಷರ ಬಾರದವರು ತಮಿಳು ಅಕ್ಷರದಲ್ಲಿಯೇ ಬರೆದು ಕೊಡಲಿ. ಓದಿಸಿಕೊಳ್ಳುವುದು ನಮ್ಮ ಹೊಣೆ. ಪಟ್ಟಿಯ ಜೊತೆ ಊರ ಹೆಸರು, ಮನೆ ಕಟ್ಟಿ ಎಷ್ಟು ತಲೆಮಾರಾಯಿತು ಎಂಬುದು ಇರಬೇಕು. ಪತ್ತಾಯದ ಬಾಯಿಗೆ ಒಂದರ ಮೇಲೊಂದು ಸೇರಿಸುವ ಹಲಗೆಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು? ನಮ್ಮ ಕಚೇರಿಯಲ್ಲಿ ನಾಲ್ವರನ್ನು ಕೇಳಿದೆವು. ಇಬ್ಬರು ಎರಡು ಹೆಸರು ಹೇಳಿದರು, ಉಳಿದಿಬ್ಬರು ತಾಯಿಗೆ ದೂರವಾಣಿ ಮಾಡಲು ಎದ್ದುಹೋದರು.